ಆಳಿಗೊಂದು ಕಲ್ಲು

ವೈಟ್‌ಫೀಲ್ಡಿನಲ್ಲಿ ಆರು ವರ್ಷದಿಂದ ನಾನೊಂದು ತೋಳಗಳ ಆಟ ನಡೆಸುತ್ತಿದ್ದೇನೆ. ತಿಂಗಳಿಗೊಂದು ಭಾನುವಾರ, ಮಧ್ಯಾಹ್ನ ಮೂರರಿಂದ ಐದೂವರೆ. ಹದಿನಾಲ್ಕು ಜನ. ಎಲ್ಲರೂ ಮನುಷ್ಯರ ವೇಷದಲ್ಲಿ ನಗರದೊಳಗೆ ಸೇರಿಕೊಂಡ ತೋಳಗಳು. ಯಾವ ತೋಳಕ್ಕೆ ಏನು ಗುಟ್ಟು, ಯಾರ ಮೇಲೆ ಹಗೆ ಎಂದು ನಾನು ಚೀಟಿ ಬರೆದುಕೊಡಬೇಕು, ಅವರು ಅದರಂತೆ ಮಾತು ಕಟ್ಟಿಕೊಂಡು ಆಡಬೇಕು. ನೋಡುವವರು ಯಾರೂ ಇಲ್ಲ. "ಹಾಗಾದ್ರೆ ನಾಟಕಾನಾ?" ಎಂದು ಕೇಳುತ್ತಾರೆ. ಅಲ್ಲ. "ಮಕ್ಕಳಾಟಾನಾ?" ಅಯ್ಯೋ ಶಿವನೇ, ಹೌದು ಅಂದುಕೊಳ್ಳಿ, ನಿಮ್ಮ ಮನೆ ಗಂಟೇನು ಹೋಗುತ್ತೆ! ಉತ್ತರ ಕೊಟ್ಟೂ ಕೊಟ್ಟೂ ನನಗೆ ಸಾಕಾಗಿದೆ.

ನಿಜ ಹೇಳಬೇಕೆಂದರೆ ಆಟವೇ ಸಾಕಾಗಿತ್ತು. ವಾರವೆಲ್ಲ ಕಂಪನಿಯಲ್ಲಿ ಕೂತು ಸಾಫ್ಟ್‌ವೇರ್ ಬಳಸುವವರಿಗೆ ಕೈಪಿಡಿ ಬರೆದು, ಶನಿವಾರ ಬಂದರೆ ತೋಳಗಳ ಚೀಟಿ ಬರೆಯಬೇಕು. ಒಬ್ಬನಿಗೆ ಭಾನುವಾರವೂ ಶಿಫ್ಟ್, ಒಬ್ಬಳ ಅತ್ತೆ ಊರಿಂದ ಬಂದಿದ್ದಾರೆ, ಇನ್ನೊಬ್ಬನಿಗೆ ತನ್ನ ತೋಳಕ್ಕೆ ಮಾತು ಕಡಿಮೆಯಾಯಿತೆಂದು ಮುನಿಸು. ನನ್ನ ಜೊತೆಗಿರುವ ಅಮ್ಮ ಲಿಂಗಪೂಜೆ ಮುಗಿಸಿ ಬಂದು, "ನಲವತ್ತಾರು ವರ್ಷಕ್ಕೆ ಊಳಿಡೋದು ಬಿಟ್ಟು ಬೇರೆ ಕೆಲಸ ಇಲ್ಲೇನವ್ವಾ?" ಎನ್ನುತ್ತಿದ್ದಳು. ನನಗೂ ಹಾಗೇ ಅನ್ನಿಸುತ್ತಿತ್ತು.

ಆಡುವ ಜಾಗ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಹೊಂಗೆ ತೋಪು. ಅದರ ಯಜಮಾನರು ಇಲ್ಲಿಯ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆದಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆ ಎಬ್ಬಿಸಿದ್ದಾರೆ. ಜಾಗ ಕೇಳಲು ಹೋದ ದಿನ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, "ಅಲ್ಲ ಕಣಮ್ಮ, ನಮ್ ಕಾಲ್ದಾಗೆ ಇಲ್ಲಿ ನರಿಗಳಿದ್ವು. ಯಾರೂ ನರಿ ಆಗಕ್ಕೆ ಓಗ್ಲಿಲ್ಲ. ನಿಮಗ್ಯಾಕೆ ಇಂಗಾಯ್ತು?" ಎಂದರು. ಆಮೇಲೆ ನಕ್ಕು, "ಆಡ್ಕಳಿ. ತೋಳ ಅಳ್ಳಕ್ ಬಿದ್ರೆ ಆಳಿಗೊಂದ್ ಕಲ್ಲು, ಉಸಾರು" ಎಂದರು. ಆ ಗಾದೆಯನ್ನೇ ನಾನು ಆಟದ ಕಟ್ಟಳೆ ಮಾಡಿಬಿಟ್ಟೆ. ಹಿಂಡಿಗೆ ದ್ರೋಹ ಬಗೆದ ತೋಳವನ್ನು, ತೆಂಗಿನ ಸಸಿಗೆಂದು ತೋಡಿ ಹಾಗೇ ಬಿಟ್ಟಿದ್ದ ಗುಂಡಿಯೊಳಗೆ ನಿಲ್ಲಿಸುವುದು. ಅದು ತಪ್ಪು ಮಾಡಿದೆ ಎನ್ನುವವರು ಅಂಚಿನಲ್ಲಿ ಒಂದೊಂದು ಜಲ್ಲಿಕಲ್ಲು ಇಡುವುದು. ಏಳು ಕಲ್ಲಾದರೆ ಆ ತೋಳ ಹಿಂಡಿನಿಂದ ಹೊರಗೆ. ಯಾರಿಗಾದರೂ ನಿಜವಾಗಿಯೇ ಸಂಕಟವಾದರೆ ಚಿಕ್ಕಂದಿನಲ್ಲಿ ಅನ್ನುತ್ತಿದ್ದಂತೆ "ಟೈಂಪ್ಲೀಸ್" ಅಂದರೆ ಆಟ ನಿಲ್ಲುತ್ತದೆ.

ಹಿಂಡಿನ ಹಿರಿಯ ತೋಳ ಆಡುತ್ತಿದ್ದವರು ಲಗ್ಗೆರೆಯವರು, ಐವತ್ತು ದಾಟಿದವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವ ಕೆಲಸ. ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಬದಲಿಸಿ ಊರಿನ ಈ ತುದಿಗೆ ಬರುತ್ತಿದ್ದರು, ಒಂದು ತಿಂಗಳೂ ತಪ್ಪಿಸಿದವರಲ್ಲ. ಮಿಕ್ಕವರೆಲ್ಲ ಐಟಿಯವರು, ಅವರಿಗಿಂತ ತೀರ ಚಿಕ್ಕವರು. ಆಟದ ಹೊರಗೆ "ಅಂಕಲ್, ಸ್ವಲ್ಪ ಸರೀರಿ" ಎನ್ನುವವರು ಆಟದೊಳಗೆ ಅವರ ಮಾತಿಗೆ ಎದುರಾಡುತ್ತಿರಲಿಲ್ಲ.

ಹೋದ ಶ್ರಾವಣದ ಒಂದು ಬುಧವಾರ ಅವರ ಫೋನ್ ಬಂತು.

"ಚೀಟಿ ಓದ್ದೆ ಮೇಡಂ. ಈ ಸಲ ಗುಂಡಿಗೆ ನಾನೇ ಅಲ್ವಾ?"

ಹೌದು. ಅವರ ತೋಳ ಹಿಂಡಿನ ಅಡಗುದಾಣವನ್ನು ವೈರಿಗಳಿಗೆ ಹೇಳಿಬಿಟ್ಟಿದೆ ಎಂದು ನಾನೇ ಬರೆದಿದ್ದೆ.

"ಒಂದ್ ಮಾತು. ಫ್ಯಾಕ್ಟ್ರಿಯಿಂದ ನನ್ನ ತೆಗೆದ್ಬಿಟ್ರು ಮೇಡಂ. ಮನೇಲಿ ಇನ್ನೂ ಹೇಳಿಲ್ಲ, ದಿನಾ ಡಬ್ಬಿ ಕಟ್ಟಿಸ್ಕೊಂಡು ಹೊರಡ್ತೀನಿ. ಯಾರಿಗೂ ಹೇಳ್ಬೇಡಿ. ಈ ಸಲ ನನ್ನ ತೋಳಾನ ಹಿಂಡಲ್ಲಿ ಉಳಿಸ್ಕೊಡಿ, ಅಷ್ಟೇ. ಎರಡೂ ಕಡೆ ಹೊರಗ್ ಹಾಕಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಉಳಿಸಿಕೊಡಬೇಕು ಅನ್ನಿಸಿತು. ಆದರೆ ಕತೆ ತಿರುಗಿಸಬೇಕಾದರೆ ಹದಿನಾಲ್ಕೂ ಚೀಟಿಗಳನ್ನು ಹೊಸದಾಗಿ ಬರೆಯಬೇಕು. "ಆಯ್ತು, ನೋಡೋಣ ಬಿಡಿ" ಎಂದೆ. ಶನಿವಾರ ಲ್ಯಾಪ್‌ಟಾಪ್ ತೆರೆದೆ, ಮುಚ್ಚಿದೆ, ಮಲಗಿದೆ. ದಣಿವು ಅನ್ನಿ, ಸೋಮಾರಿತನ ಅನ್ನಿ. ಅವರನ್ನು ಕಂಡರೆ ಎಲ್ಲರಿಗೂ ಪ್ರೀತಿ, ಯಾರೂ ಕಲ್ಲಿಡಲಾರರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಭಾನುವಾರ ಅವರು ಮೊಣಕಾಲುದ್ದದ ಗುಂಡಿಯಲ್ಲಿ ನಿಂತರು. ಆರೋಪ ಹೊರಿಸುವ ಪಾಲು ಒಬ್ಬ ಹುಡುಗಿಯದು. ಕಂಪನಿಯೊಂದರ ಎಚ್‌ಆರ್‌ನಲ್ಲಿದ್ದವಳು, ಚುರುಕು. ಕೈಕಟ್ಟಿ ನಿಂತು ಮೆಲ್ಲಗೆ ಹೇಳಿದಳು: "ಇದ್ರಲ್ಲಿ ಪರ್ಸನಲ್ ಏನೂ ಇಲ್ಲ. ಹಿಂಡಿನ ಒಳ್ಳೇದಕ್ಕೋಸ್ಕರ ಈ ತೀರ್ಮಾನ."

ಅವರು ತಟ್ಟನೆ ತಲೆಯೆತ್ತಿದರು. "ಹದಿನೇಳು ವರ್ಷ ನಿಮ್ ಜೊತೆ ಇದ್ದೀನಿ. ಒಂದು ದಿನ ನನ್ನಿಂದ ತಪ್ಪು ಅಳತೆ ಹೋಗಿದ್ಯಾ? ಹೇಳ್ರೀ, ಒಂದೇ ಒಂದು ದಿನ?"

ತೋಳಕ್ಕೆಲ್ಲಿಯ ಅಳತೆ? ಯಾರಿಗೂ ಹೊಳೆಯಲಿಲ್ಲ. "ಏನ್ ಆಕ್ಟಿಂಗ್ ಗುರು!" ಎಂದು ಒಬ್ಬ ಪಿಸುಗುಟ್ಟಿದ. ಅವರು ನನ್ನ ಕಡೆ ನೋಡಿದರು. ಅವರೇ ಟೈಂಪ್ಲೀಸ್ ಅನ್ನಲಿ ಎಂದು ನಾನು ಕಾದೆ. ಹಾಗಂದರೆ ಎಲ್ಲರಿಗೂ ಕಾರಣ ಹೇಳಬೇಕಾಗುತ್ತದೆ, ಅವರು ಎಲ್ಲಿ ಅಂದಾರು? ನಾನಾದರೂ ಅನ್ನಬಹುದಿತ್ತು. ಒಂದಾದ ಮೇಲೊಂದು ಹನ್ನೊಂದು ಕಲ್ಲು ಬಂದವು. ಎಲ್ಲರೂ ಚಪ್ಪಾಳೆ ತಟ್ಟಿ, ಕೈಕೊಟ್ಟು ಅವರನ್ನು ಮೇಲೆಳೆದುಕೊಂಡರು. ನನ್ನಂಥ ಕೆಟ್ಟವಳು ಇನ್ನೊಬ್ಬಳಿಲ್ಲ ಅನ್ನಿಸಿತು.

ಆಟ ಮುಗಿದ ಮೇಲೆ ಚಾಪೆ ಹಾಸಿ ಚುರುಮುರಿ ತಿನ್ನುವುದು ವಾಡಿಕೆ. ಹೊರಗೆ ಹೋದ ತೋಳದವರು ಮುಂದಿನ ಸಲಕ್ಕೆ ಹೊಸ ತೋಳ ಬರೆದುಕೊಳ್ಳುತ್ತಾರೆ. ಅವರ ಮುಖ ನೋಡಲಾಗದೆ ನಾನು ಹಾಳೆಯನ್ನೂ ಪೆನ್ನನ್ನೂ ಮುಂದಿಟ್ಟೆ. ಹೆಸರು ಬರೆದರು, ವಯಸ್ಸು ಬರೆದರು. ಮೂರನೆಯದು "ಹಗಲಿನ ಕೆಲಸ". ಅಂದರೆ ಆ ತೋಳ ಮನುಷ್ಯರ ವೇಷದಲ್ಲಿ ಮಾಡುವ ಉದ್ಯೋಗ. ಪೆನ್ನು ಅಲ್ಲಿಗೆ ನಿಂತಿತು.

ಪಕ್ಕದಲ್ಲಿದ್ದ ಎಚ್‌ಆರ್ ಹುಡುಗಿ ಇಣುಕಿದಳು. "ಏನ್ ಅಂಕಲ್ ಇಷ್ಟೊಂದ್ ಯೋಚ್ನೆ? ಏನೋ ಒಂದ್ ಹಾಕಿ."

"ಕೆಲ್ಸ ಹೋಗಿದೆ ಅಂತ ಬರೀಲೇನಮ್ಮ?"

"ಅಯ್ಯೋ, ಸಕ್ಕತ್ತಾಗಿದೆ! ಯಾಕ್ ತೆಗೆದ್ರು ಅಂತ ಒಂದ್ ಒಳ್ಳೇ ಕಾರಣ ಬೇಕು, ಅಷ್ಟೇ."

"ಕಾರಣ ಅವ್ರು ಹೇಳ್ಲಿಲ್ಲ ಕಣಮ್ಮ," ಎಂದರು ಅವರು. ಪೆನ್ನಿನ ಮುಚ್ಚಳ ಹಾಕಿ ನನಗೆ ವಾಪಸ್ ಕೊಟ್ಟರು.

ಅವಳು ಬಾಯಿಗೆ ಒಯ್ದ ಚುರುಮುರಿಯನ್ನು ಕೈಯಲ್ಲೇ ಹಿಡಿದು ಅವರನ್ನು ನೋಡಿದಳು. ಆಮೇಲೆ ನನ್ನನ್ನು.

"ಮೇಡಂ, ಆಟ ಮುಗ್ದಿದೆ ಅಲ್ವಾ?"

"ಮುಗ್ದು ಅರ್ಧ ಗಂಟೆ ಆಯ್ತು," ಎಂದೆ.