ಕೆಮಿಸ್ಟ್ರಿ ಬೇಡ ಅಂದವನು

ದರ್ಜಿಯಮ್ಮನ ಕಿರಿಮಗನಿಗೆ ಮನೆಯಲ್ಲಿ ‘ಹಸಿಕಾಯಿ’ ಎಂದೇ ಹೆಸರು. ಇಟ್ಟವಳು ಅವನ ಅಕ್ಕ. ಟೊಮೆಟೊ ತಾ ಎಂದು ಕಳಿಸಿದರೆ ಹಣ್ಣಿನ ಜೊತೆ ನಾಲ್ಕು ಕಾಯಿಯನ್ನೂ ಆರಿಸಿಕೊಂಡು ಬರುತ್ತಿದ್ದ. ಕೆಂಪು ದಾರದ ರೀಲು ಕೇಳಿದರೆ ತಳದ ನಂಬರು ಓದದೆ ಕೊಡುತ್ತಿರಲಿಲ್ಲ. “ಕಣ್ಣನ್ನೇನು ಚೀಲದೊಳಗಿಟ್ಟು ಹೋಗಿದ್ದೆಯಾ?” ಎಂದು ತಾಯಿ ಬೈಯುತ್ತಿದ್ದಳು. ಇಷ್ಟು ಬಿಟ್ಟರೆ ಹುಡುಗ ಅಪ್ಪಟ ಚಿನ್ನ. ಓದಿನಲ್ಲಿ ಮುಂದು, ಕೆಲಸದಲ್ಲಿ ನಿಧಾನ, ಮಾತಿನಲ್ಲಿ ಇನ್ನೂ ನಿಧಾನ. ಪಕ್ಕದ ಮನೆಯ ಅಜ್ಜ ಬಿದ್ದು ಸೊಂಟ ಮುರಿದುಕೊಂಡಾಗ ಆಸ್ಪತ್ರೆಯಲ್ಲಿ ಅವರ ಜೊತೆಗಿದ್ದು ಬಂದು, ಡಾಕ್ಟರ್ ಆಗ್ತೀನಿ ಎಂದ. ಅವನು ಹೇಳಿದ್ದು ಒಂದೇ ಸಲ. ಮನೆಯವರು ಊರೆಲ್ಲ ಹೇಳಿಕೊಂಡು ಬಂದರು.

ಹತ್ತನೇ ತರಗತಿ ಮುಗಿಯಿತು. ಡಾಕ್ಟರ್ ಆಗಬೇಕೆನ್ನುವವರು ಮೇಲ್ಮಟ್ಟದ ವಿಜ್ಞಾನದ ಕ್ಲಾಸುಗಳನ್ನು ಈಗಲೇ ಆರಿಸಿಕೊಳ್ಳಬೇಕು. ಬಯಾಲಜಿಗೆ ಸೇರಿಸಿಕೊಂಡರು, ಫಿಸಿಕ್ಸಿಗೂ ಸೇರಿಸಿಕೊಂಡರು. ಕೆಮಿಸ್ಟ್ರಿ ಮೇಡಂ ಮಾತ್ರ ಒಂದು ಪ್ರಯೋಗ ಮಾಡಿಸಿ ಕೈಕೆಲಸ ನೋಡದೆ ಯಾರನ್ನೂ ಸೇರಿಸಿಕೊಳ್ಳುವವರಲ್ಲ. ಉದ್ದನೆಯ ಗಾಜಿನ ಕೊಳವೆಯಿಂದ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಕೆಳಗಿನ ಫ್ಲಾಸ್ಕಿನ ನೀರು ತಿಳಿಗುಲಾಬಿಗೆ ತಿರುಗಿದ ಕೂಡಲೇ ನಲ್ಲಿ ಮುಚ್ಚಬೇಕು. ಉಳಿದವರು ಮುಚ್ಚಿದರು. ಇವನು ಬಿಡುತ್ತಲೇ ಇದ್ದ.

“ಏನಪ್ಪಾ, ಗಿಡಕ್ಕೆ ನೀರು ಹಾಕ್ತಿದ್ದೀಯಾ?” ಎಂದರು ಮೇಡಂ. ಎಲ್ಲರೂ ನಕ್ಕರು. “ನಾಳೆ ಇನ್ನೊಂದು ಸಲ ಮಾಡು. ಅದೇ ಕೊನೆ.”

ಮನೆಗೆ ಬಂದವನು ಶೂ ಬಿಚ್ಚುತ್ತಲೇ, “ಅಮ್ಮಾ, ಕೆಮಿಸ್ಟ್ರಿ ಬೇಡ. ಭೂಗೋಳ ತಗೋತೀನಿ” ಎಂದ.

ತಾಯಿ ಹೊಲಿಗೆ ಯಂತ್ರ ನಿಲ್ಲಿಸಿದಳು. “ಕೆಮಿಸ್ಟ್ರಿ ಇಲ್ದೆ ಡಾಕ್ಟರ್ ಮಾಡ್ತಾರಾ?”

“ಇಲ್ಲ.”

“ಮತ್ತೆ?”

“ಬೇಡ ಅಂದ್ನಲ್ಲಮ್ಮ.”

“ಭೂಗೋಳ ಓದಿ, ಹೊಟ್ಟೆನೋವು ಯಾವ ದಿಕ್ಕಿಗಿದೆ ಅಂತ ಹೇಳ್ತಾನೆ ಬಿಡು,” ಎಂದಳು ಅಕ್ಕ, ಅಂಗಿಗೆ ಕಾಜಾ ಹೊಲಿಯುತ್ತ.

ಅವನು ನಗಲಿಲ್ಲ. ಅದಕ್ಕೇ ತಾಯಿಗೆ ಗಾಬರಿಯಾಯಿತು. ಪಕ್ಕದಲ್ಲಿ ಕೂರಿಸಿಕೊಂಡು ಕೆದಕಿ ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟ. “ಆ ಗುಲಾಬಿ ಬಣ್ಣ ಯಾವಾಗ ಬರುತ್ತೋ ನನಗೆ ಕಾಣಲ್ಲಮ್ಮ. ಕೆಂಪು, ಹಸಿರು ಎರಡೂ ನನಗೆ ಒಂದೇ ಥರ.”

ತಾಯಿ ಡಬ್ಬಿಯಿಂದ ಎರಡು ರೀಲು ತೆಗೆದು, ತಳದ ಚೀಟಿ ಕಿತ್ತು, ಅವನ ಅಂಗೈಯಲ್ಲಿಟ್ಟಳು. “ಕೆಂಪು ಯಾವುದು?”

ಅವನು ಬೆಳಕಿಗೆ ಹಿಡಿದು ತಿರುಗಿಸಿದ, ಮತ್ತೆ ತಿರುಗಿಸಿದ, ಹಸಿರನ್ನು ಎತ್ತಿ ಕೊಟ್ಟ. ನಗಲು ಬಾಯಿ ತೆರೆದ ಅಕ್ಕ ಹಾಗೇ ಮುಚ್ಚಿಕೊಂಡಳು. “ಇನ್ಮೇಲೆ ಹಸಿಕಾಯಿ ಅಂತ ಕರೆಯಲ್ಲ ಕಣೋ,” ಎಂದಳು ಮೆಲ್ಲಗೆ.

“ಯಾವಾಗಿಂದ ಗೊತ್ತು ನಿನಗೆ?” ಎಂದಳು ತಾಯಿ.

“ಹೋದ ವರ್ಷ ಬಯಾಲಜಿ ಪಾಠದಲ್ಲಿತ್ತು. ಅಜ್ಜನಿಂದ ಮಗಳಿಗೆ ಬರುತ್ತಂತೆ. ಅವಳಿಗೆ ಏನೂ ಮಾಡದೆ ಅವಳ ಮಗನಿಗೆ ದಾಟುತ್ತಂತೆ.”

ತಾಯಿಗೆ ತನ್ನ ಅಪ್ಪ ನೆನಪಾದರು. ಒಂದು ಕಾಲಿಗೆ ಕೆಂಪು, ಒಂದಕ್ಕೆ ಹಸಿರು ಕಾಲುಚೀಲ ಹಾಕಿಕೊಂಡು ಮದುವೆಮನೆಗೆ ಠೀವಿಯಿಂದ ಹೋಗಿ ಬಂದವರು. “ಅಂದ್ರೆ ಇಷ್ಟು ವರ್ಷ ನಾನು ಬೈದಿದ್ದೆಲ್ಲ ನನ್ನ ಅಪ್ಪಂಗಾ!” ಎಂದು ಹಣೆ ಚಚ್ಚಿಕೊಂಡಳು. ಆಗ ಅವನಿಗೂ ನಗು ಬಂತು.

“ಮೇಡಂಗೆ ಹೇಳು.”

“ಕಣ್ಣು ಸರಿಯಿಲ್ಲದವನು ಡಾಕ್ಟರ್ ಹೇಗಾಗ್ತೀಯ ಅಂತ ಕಳಿಸಿಬಿಡ್ತಾರೆ.”

“ಕಳಿಸಿದ್ರೆ ಬಾ, ಮನೆ ಇದೆ. ನೀನಾಗೇ ಬಿಟ್ಟು ಬರಬೇಡ.”

ಮರುದಿನ ಉಳಿದವರೆಲ್ಲ ಹೊರಗೆ ಹೋಗುವವರೆಗೂ ಕಾದು, ಮೇಡಂಗೆ ಕಣ್ಣಿನ ವಿಷಯ ಹೇಳಿದ. ಮೇಡಂ ಕನ್ನಡಕ ತೆಗೆದರು.

“ನಿನ್ನೆ ಯಾಕೆ ಹೇಳಲಿಲ್ಲ?”

“ಹೆದರಿಕೆ ಆಯ್ತು ಮೇಡಂ.”

“ಈ ಕನ್ನಡಕ ಇಲ್ದಿದ್ರೆ ನೀನು ಹುಡುಗನೋ ಕಂಬವೋ ನನಗೆ ಗೊತ್ತಾಗಲ್ಲ. ಅದನ್ನ ಮುಚ್ಚಿಡ್ತೀನಾ? ಕಾಣದ್ದನ್ನ ಕಾಣಲ್ಲ ಅನ್ನೋ ಡಾಕ್ಟರಿಗೆ ನಾನೇ ನಾಡಿ ತೋರಿಸ್ತೀನಿ. ಕಂಡ ಹಾಗೆ ನಟಿಸೋನ ಹತ್ರ ಮಾತ್ರ ಹೋಗಲ್ಲ.”

ಬೀರುವಿನಿಂದ ಒಂದು ಚಿಕ್ಕ ಯಂತ್ರ ತೆಗೆದರು. ಅದರ ಕಡ್ಡಿಯನ್ನು ಫ್ಲಾಸ್ಕಿನಲ್ಲಿ ಅದ್ದಿದರೆ ಹುಳಿ ಎಷ್ಟು, ಕ್ಷಾರ ಎಷ್ಟು ಎಂದು ಅಂಕಿಯಲ್ಲಿ ತೋರಿಸುತ್ತದೆ; ಅಂಕಿ ಒಮ್ಮೆಲೇ ಹಾರಿದರೆ ಬಣ್ಣ ತಿರುಗಿತೆಂದು ಅರ್ಥ. ಹುಡುಗ ನಲ್ಲಿ ತೆರೆದ. ಅಂಕಿ ಮುದುಕರು ಮೆಟ್ಟಿಲು ಹತ್ತುವ ಹಾಗೆ ಏರಿತು. ಅವನು ಹನಿಯನ್ನು ಇನ್ನೂ ಸಣ್ಣದು ಮಾಡಿದ. ಒಂದು ಹನಿಗೆ ಅಂಕಿ ಛಂಗನೆ ಮೇಲೆ ಹಾರಿತು. ಕೈ ಅಲ್ಲೇ ನಲ್ಲಿ ಮುಚ್ಚಿತು.

ಮೇಡಂ ಫ್ಲಾಸ್ಕನ್ನು ಬಿಳಿ ಕಾಗದದ ಮೇಲಿಟ್ಟು ಬಗ್ಗಿ ನೋಡಿದರು. ಎಳೆಗೂಸಿನ ಉಗುರಿನ ಬಣ್ಣ. “ಸೋಮವಾರದಿಂದ ಬಾ,” ಎಂದರು. “ಅಷ್ಟರೊಳಗೆ ಕಣ್ಣಿನ ಡಾಕ್ಟರಿಗೂ ತೋರಿಸು.”

ಕಣ್ಣಿನ ಡಾಕ್ಟರು ಚುಕ್ಕೆಗಳ ಪುಸ್ತಕ ತೋರಿಸಿ ಪರೀಕ್ಷೆ ಮಾಡಿದರು. ಇದಕ್ಕೆ ಔಷಧಿಯಿಲ್ಲ, ಓದೋದಕ್ಕೆ ಅಡ್ಡಿಯೂ ಇಲ್ಲ, ಅನುಮಾನ ಬಂದಾಗ ಪಕ್ಕದವರನ್ನು ಕೇಳೋದಕ್ಕೆ ನಾಚಬೇಡ ಎಂದರು.

ಸೋಮವಾರ ವಿಜ್ಞಾನದ ಮೂರೂ ಪುಸ್ತಕ ಹೊತ್ತು ಹೋದ. ಪ್ರಯೋಗದ ಮೇಜಿನಲ್ಲಿ ಜೊತೆಗೆ ಸಿಕ್ಕಿದವಳು ಬೇಕರಿಯವರ ಮಗಳು, ಮಾತಿನಮಲ್ಲಿ. ಅವಳು ಬಾಯಿ ತೆರೆಯುವ ಮೊದಲೇ ಇವನು ಹೇಳಿಬಿಟ್ಟ: “ನನಗೆ ಕೆಂಪು-ಹಸಿರು ತಿಳಿಯಲ್ಲ. ಬಣ್ಣ ತಿರುಗಿದಾಗ ನೀನು ಹೇಳಬೇಕು.”

“ಹೇಳ್ತೀನಿ. ನನಗೆ ಲೆಕ್ಕ ತಲೆಗೆ ಹತ್ತಲ್ಲ. ಅದನ್ನ ನೀನು ನೋಡ್ಕೋ.”

“ಆಯ್ತು.”

“ಮತ್ತೆ ಯಾಕೆ ನಿಂತಿದ್ದೀಯಾ? ನಲ್ಲಿ ತೆರಿ!”