ಗೋಡೆಯ ಟೊಪ್ಪಿಗೆಗೆ ಬಿದ್ದ ಬೆಲ್ಲ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಿತ್ತಲ ಗೋಡೆಗೆಂದು ಅಪ್ಪ ಕೈಯಾರೆ ಎರಕ ಹೊಯ್ದ ಸಿಮೆಂಟಿನ ಕಲ್ಲುಗಳು ಗಟ್ಟಿಯಾಗದೆ ರಾಡಿಯಾಗಿಯೇ ಉಳಿದದ್ದು ನನ್ನಿಂದ. ಸರಿಯಾಗಿ ಹೇಳಬೇಕೆಂದರೆ ನನ್ನ ನಾಲಿಗೆಯಿಂದ. ಅದಕ್ಕೆ ಎರಡು ಚಟ: ಕಂಡವರ ದನಿಯಲ್ಲಿ ಮಾತಾಡುವುದು, ಮತ್ತು ಬೆಲ್ಲ. ಎರಡನ್ನೂ ನಾನಿನ್ನೂ ಬಿಟ್ಟಿಲ್ಲ.

ಧಾರವಾಡದ ನಮ್ಮ ಮನೆಯ ಹಿತ್ತಲಿಗೆ ಮೊದಲು ಜಾಲಿಮುಳ್ಳಿನ ಬೇಲಿ ಇತ್ತು. ಅಪ್ಪ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಪೇಟೆಯಲ್ಲಿದ್ದು ಮುಳ್ಳು ಹಾಕಿಕೊಂಡು ಕೂಡುವುದೇನು ಎಂದು ಬೇಲಿ ಕಿತ್ತಿಸಿ ಹಸಿ ಇಟ್ಟಿಗೆಯ ಗೋಡೆ ಎಬ್ಬಿಸಿದ. ಮೊದಲ ಮಳೆಗಾಲದಲ್ಲೇ ಗೋಡೆಯ ತಲೆ ಕರಗಿ ಒಂದು ಮೂಲೆ ಕುಸಿಯಿತು. ಬೀದಿಯ ದನಗಳು ಆ ಕಿಂಡಿಯಿಂದ ನುಗ್ಗಿ ಅಜ್ಜಿಯ ಬಸಳೆಯನ್ನೂ ಹೀರೆಬಳ್ಳಿಯನ್ನೂ ಬುಡಸಹಿತ ಮೇಯ್ದವು. ಅಜ್ಜಿ ಅಪ್ಪನ ತಾಯಿ. ಆ ಹಿತ್ತಲೇ ಅವಳ ಜಹಗೀರು. ಮುಂದಿನ ಮಳೆಯಲ್ಲಿ ಗೋಡೆ ನಿಂತರೆ ಸರಿ, ನಿಲ್ಲದಿದ್ದರೆ ಕೆಡವಿ ನನ್ನ ಬೇಲಿ ನನಗೆ ಹಾಕಿಸಿಕೊಡಬೇಕು ಎಂದಳು. ಅಪ್ಪ ಒಪ್ಪಿದ. ಒಪ್ಪಿ ಸುಮ್ಮನಿರಲಿಲ್ಲ, ಶಾಲೆಯ ಉಳಿದ ಮಾಸ್ತರರ ಮುಂದೆಲ್ಲ ನನ್ನ ಗೋಡೆ ಈ ಸಲ ಜಗ್ಗುವುದಿಲ್ಲ ಎಂದು ಹೇಳಿಕೊಂಡೂ ಬಂದ. ಹೀಗಾಗಿ ಆ ಬೇಸಿಗೆಯಲ್ಲಿ ಗೋಡೆಯ ಜೊತೆಗೆ ಅಪ್ಪನ ಮಾನವೂ ಬಿಸಿಲಿಗೆ ನಿಂತಿತ್ತು.

ಗೋಡೆಯ ಮೂಲೆ ಬಿದ್ದಂದಿನಿಂದ ತಾಯಿ ಮಗ ಅದರ ಸುದ್ದಿಯನ್ನು ಎದುರೆದುರು ಆಡುತ್ತಿರಲಿಲ್ಲ. ಊಟ, ಔಷಧ, ಏಕಾದಶಿ ಎಲ್ಲಕ್ಕೂ ಮಾತಿತ್ತು. ಗೋಡೆಗೆ ಮಾತ್ರ ನಡುವೆ ನಾನು. ನನ್ನ ಅವ್ವ ರಜೆಗೆ ತವರಿಗೆ ಹೋಗಿದ್ದಳು, ಬೇರೆ ಯಾರೂ ಇರಲಿಲ್ಲ. ‘ಹೋಗಿ ನಿಮ್ಮಪ್ಪಗ ಹೇಳು’ ಎಂದು ಅಜ್ಜಿ, ‘ಹೋಗಿ ನಿಮ್ಮಜ್ಜಿಗೆ ಹೇಳು’ ಎಂದು ಅಪ್ಪ. ನಾನು ಮಾತನ್ನಷ್ಟೇ ಒಯ್ಯುವವನಲ್ಲ, ದನಿಯನ್ನೂ ಒಯ್ಯುತ್ತಿದ್ದೆ. ಅಪ್ಪನ ಸರದಿ ಬಂದರೆ ಎರಡು ಸಲ ಕೆಮ್ಮಿ, ಪ್ರತಿ ಮಾತಿನ ಕೊನೆಗೊಂದು ‘ತಿಳೀತಿಲ್ಲೊ?’ ಹಚ್ಚುತ್ತಿದ್ದೆ. ಅಜ್ಜಿಯ ಸರದಿಗೆ ಮೂಗಿನಿಂದ ಉಸಿರು ಬಿಟ್ಟು ಇಲ್ಲದ ಸೆರಗನ್ನು ಎಳೆದುಕೊಳ್ಳುತ್ತಿದ್ದೆ. ನನ್ನ ಗಂಟಲು ಆಗಷ್ಟೇ ಒಡೆದಿತ್ತು. ಸ್ವಂತ ದನಿ ಎಣ್ಣೆ ಕಾಣದ ಬಾವಿಯ ಗಾಲಿಯಂತೆ ಕಿರುಗುಡುತ್ತಿತ್ತು. ನೆಟ್ಟಗೆ ಬರುತ್ತಿದ್ದದ್ದು ಇನ್ನೊಬ್ಬರ ದನಿಯೊಂದೇ. ಇಬ್ಬರಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ ಬೈಸಿಕೊಳ್ಳುವುದನ್ನೂ ನನ್ನ ಬಾಯಿಂದಲೇ ಬೈಸಿಕೊಳ್ಳುತ್ತಿದ್ದರು.

ಕುಸಿದ ಮೂಲೆಯನ್ನು ಮತ್ತೆ ಕಟ್ಟಿಸಿದ್ದಾಯಿತು, ಇನ್ನು ಗೋಡೆಯ ತಲೆಯ ಮೇಲೆ ಸಾಲಾಗಿ ಹೊಚ್ಚಲು ಕಲ್ಲು ಬೇಕಿತ್ತು. ಅಪ್ಪ ಅದಕ್ಕೆ ಟೊಪ್ಪಿಗೆ ಎಂದು ಹೆಸರಿಟ್ಟಿದ್ದ. ಕಲ್ಲುಕುಟಿಗರಿಂದ ಕಡಿಸುವುದನ್ನು ಬಿಟ್ಟು ಸಿಮೆಂಟಿನಲ್ಲಿ ತಾನೇ ಎರಕ ಹೊಯ್ಯುವುದು ಅವನ ಹಟ. ಹುಬ್ಬಳ್ಳಿಯ ಅಂಗಡಿಯಿಂದ ಎರಡು ಚೀಲ ಸಿಮೆಂಟು ಬಂದವು. ಹಳೆಯ ಪೆಟ್ಟಿಗೆಗಳ ಹಲಗೆ ಬಿಚ್ಚಿ ಅಚ್ಚು ಮಾಡಿದೆವು. ಅಚ್ಚಿನ ಒಳಮೈಗೆ ಕುಸುಬೆ ಎಣ್ಣೆ ಸವರಿ, ತಳದಲ್ಲಿ ಎರಡೂ ಅಂಚಿಗೆ ಒಂದೊಂದು ಹಗ್ಗ ಇಟ್ಟೆವು. ಕಲ್ಲು ಗಟ್ಟಿಯಾದ ಮೇಲೆ ಹಗ್ಗ ಎಳೆದರೆ ಅಡಿಯಲ್ಲಿ ಗೀರು ಉಳಿಯುತ್ತದೆ. ಮಳೆನೀರು ಗೋಡೆಗೆ ಇಳಿಯದೆ ಆ ಗೀರಿನಲ್ಲೇ ತಡೆದು ತೊಟ್ಟಿಕ್ಕುತ್ತದೆ. ಅಪ್ಪ ಇದನ್ನು ನನಗೆ ಕರಿಹಲಗೆಯ ಮೇಲೆ ಬರೆದಂತೆ ವಿವರಿಸಿದ. ನಾನು ಅದನ್ನೇ ಅಜ್ಜಿಗೆ ಕೆಮ್ಮುಸಹಿತ ಒಪ್ಪಿಸಿದೆ.

ಅಜ್ಜಿಯ ತಕರಾರು ಒಂದೇ. ಅವಳ ತವರಿನ ವಾಡೆಯನ್ನು ಸುಣ್ಣದ ಗಚ್ಚಿನಲ್ಲಿ ಕಟ್ಟಿದ್ದರು, ಆ ಗಚ್ಚನ್ನು ಬೆಲ್ಲದ ನೀರಿನಲ್ಲಿ ಅರೆದಿದ್ದರು. ಬೆಲ್ಲವಿಲ್ಲದೆ ಯಾವ ಗಚ್ಚೂ ಕಚ್ಚುವುದಿಲ್ಲ. ಇದನ್ನು ನನ್ನ ಕೈಯಲ್ಲಿ ದಿನಾ ಹೇಳಿ ಕಳಿಸುತ್ತಿದ್ದಳು. ಅಪ್ಪ ದಿನಾ ನಕ್ಕು ಕಳಿಸುತ್ತಿದ್ದ.

ಎರಕದ ದಿನ ಮಧ್ಯಾಹ್ನ ಅಪ್ಪ ಉಸುಕು, ಖಡಿಕಲ್ಲು, ಸಿಮೆಂಟು ಒಣದಾಗಿ ಕಲಸಿಟ್ಟು, ನನಗೆ ಕೊಪ್ಪರಿಗೆ ತುಂಬ ನೀರು ಸೇದಿಡಲು ಹೇಳಿ ಉಣ್ಣಲು ಹೋದ. ಅವನು ಉಂಡು ಪಡಸಾಲೆಯಲ್ಲಿ ಸ್ವಲ್ಪ ಅಡ್ಡಾದ. ನೀರು ಸೇದಿ ನನಗೆ ಬಾಯಿ ಒಣಗಿತ್ತು. ಅಡುಗೆಮನೆಯ ಉಗ್ರಾಣದ ಕಿಡಿಕಿ ಹಿತ್ತಲಿಗೇ ಇತ್ತು. ಬೆಲ್ಲದ ಡಬ್ಬಿಯ ಕೀಲಿ ಅಜ್ಜಿಯ ಸೊಂಟದಲ್ಲಿ. ನಾನಾಗಿ ಕೇಳಿದರೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಕಿಡಿಕಿಯ ಪಕ್ಕ ಗೋಡೆಗೆ ಬೆನ್ನು ಹಚ್ಚಿ ಅಪ್ಪನಂತೆ ಎರಡು ಸಲ ಕೆಮ್ಮಿದೆ.

‘ಅವ್ವಾ, ಕಲಸೂ ನೀರಿಗೆ ಒಂದೀಟು ಬೆಲ್ಲಾ ಕೊಡು. ನೀ ಹೇಳಿದ್ದು ಖರೇ ಇದ್ದೀತು.’

ಒಳಗೆ ಕೀಲಿ ತಿರುಗಿತು. ಆಮೇಲೆ ಡಬ್ಬಿಯ ಸಪ್ಪಳ. ಕಿಡಿಕಿಯಿಂದ ಬಂದದ್ದು ಚೂರಲ್ಲ, ಎರಡು ಕೈಯಲ್ಲಿ ಹಿಡಿಯುವಂಥ ಉಂಡೆ. ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಎಲ್ಲಿ ಬಚ್ಚಿಡಲಿ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಹಿತ್ತಲ ಬಾಗಿಲಿಗೆ ಅಜ್ಜಿಯೇ ಬಂದು ನಿಂತಳು. ಮಗ ತನ್ನ ಮಾತು ಕೇಳಿದ ಸಂಭ್ರಮವನ್ನು ಕಣ್ಣಾರೆ ನೋಡಬೇಕಿತ್ತು ಅವಳಿಗೆ. ಅಪ್ಪ ಎಲ್ಲಿ ಎಂದಳು. ಬೆಲ್ಲ ನನ್ನ ಕೈಗೆ ಕೊಟ್ಟು ಒಳಗೆ ಹೋದ ಎಂದೆ, ಬಾಯಿಯಲ್ಲಿದ್ದುದನ್ನು ದವಡೆಗೆ ಸರಿಸಿ. ಹಾಕು ಮತ್ತ, ಎಂದಳು. ಹಾಕಿದೆ. ಉಂಡೆ ಮುಳುಗಿತು. ಅವಳು ನಿಂತೇ ಇದ್ದಳು, ನಾನು ಕೋಲಿನಿಂದ ತಿರುವುತ್ತಲೇ ಇದ್ದೆ. ಗಚ್ಚು ಇನ್ನಷ್ಟು ಗಟ್ಟಿಯಾದರೆ ಕೇಡೇನು ಎಂದು ನನಗೆ ನಾನೇ ಹೇಳಿಕೊಂಡೆ, ಆಗಲೂ ಅಜ್ಜಿಯ ದನಿಯಲ್ಲೇ.

ಅಪ್ಪ ಎದ್ದು ಬಂದ. ಬೇಸಿಗೆಯ ಬಾವಿನೀರು ಮೊದಲೇ ಕೆಂಪಗಿದ್ದುದರಿಂದ ಬೆಲ್ಲದ ಬಣ್ಣ ಅವನಿಗೆ ಗೊತ್ತಾಗಲಿಲ್ಲ. ಅದೇ ನೀರಿನಲ್ಲಿ ಕಲಸಿದೆವು, ಅಚ್ಚು ತುಂಬಿದೆವು, ಕರಣೆಯಿಂದ ಮೇಲ್ಮೈಗೆ ಎರಡೂ ಕಡೆ ಇಳಿಜಾರು ಕೊಟ್ಟೆವು. ಅಜ್ಜಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಮಗ ಸೋತನೆಂದು ಅವಳು, ತಾಯಿ ಸೋತಳೆಂದು ಅಪ್ಪ. ಅವಳ ನಗು ನೋಡಿ ಅಪ್ಪ ಮೀಸೆಯಲ್ಲೇ ನಕ್ಕ. ಮನೆಯಲ್ಲಿ ಅಂಥ ಸಮಾಧಾನವನ್ನು ನಾನು ಕಂಡಿರಲಿಲ್ಲ.

ಮರುದಿನ ಕಲ್ಲು ಮೆತ್ತಗಿತ್ತು. ಅದರ ಮರುದಿನವೂ ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು. ಒಂದು ಅಚ್ಚು ಬಿಚ್ಚಿದರೆ ಟೊಪ್ಪಿಗೆ ಹಲಗೆಯ ಮೇಲೆ ಸಾವಕಾಶ ಮಲಗಿತು. ಅಪ್ಪ ಒಂದು ಮುದ್ದೆಯನ್ನು ನನ್ನ ಬುತ್ತಿಯ ಡಬ್ಬಿಯಲ್ಲಿ ತುಂಬಿಕೊಂಡು ರೈಲು ಹತ್ತಿ ಹುಬ್ಬಳ್ಳಿಗೆ ಜಗಳಕ್ಕೆ ಹೋದ. ಅಂಗಡಿಯವರು ಅವನನ್ನು ಕೂಡಿಸಿ, ಅದೇ ಮಾಲಿನಿಂದ ಮಾಡಿಸಿದ ತಮ್ಮ ಕಟ್ಟೆಯನ್ನು ತೋರಿಸಿದರಂತೆ. ಅಪ್ಪ ಅದನ್ನು ಕೊಡೆಯಿಂದ ಕುಟ್ಟಿ ನೋಡಿದ. ಕೊಡೆಯ ತುದಿ ಸೊಟ್ಟಗಾಯಿತು.

ಸಂಜೆ ಬಂದವನು ಹಿತ್ತಲ ಮೆಟ್ಟಿಲ ಮೇಲೆ ಕೂತ. ಹೊಸ ಮಾಲು ಸದ್ಯಕ್ಕಿಲ್ಲ, ಉಳಿದ ಒಂದು ಚೀಲ ಗೋಡೆಗೆಲ್ಲ ಸಾಲದು, ಮೋಡ ಆಗಲೇ ಕಟ್ಟುತ್ತಿವೆ. ಬೇಲಿಗೆ ಮುಳ್ಳು ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿದ. ಆ ಮಾತು ಕೇಳಿ ಅಜ್ಜಿಗೆ ಗೆದ್ದ ಖುಷಿ ಬರಲಿಲ್ಲ, ಕರುಳು ಚುರ್ರೆಂದಿತು. ನನ್ನನ್ನು ದಾಟಿ ನೇರವಾಗಿ ಮಗನಿಗೇ ಹೇಳಿದಳು.

‘ಬೆಲ್ಲಾ ಕಡಿಮಿ ಬಿತ್ತೋ ಏನೋ. ನೀ ಕೇಳಿದಾಗ ಇನ್ನೊಂದು ಉಂಡಿ ಕೊಡಬೇಕಿತ್ತು.’

‘ಯಾವ ಬೆಲ್ಲಾ?’

‘ಕಿಡಿಕ್ಯಾಗ ನಿಂತು ಕೇಳಿದೆಲ್ಲೊ, ನೀನ.’

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಹಲ್ಲಿಯನ್ನು ಅನುಕರಿಸುತ್ತ ಕಂಬಕ್ಕೆ ಅಂಟಿಕೊಂಡಿದ್ದೆ. ಅದೊಂದು ಮಾತ್ರ ನನಗೆ ಸರಿಯಾಗಿ ಬರಲಿಲ್ಲ.

ಅಪ್ಪ ಹೊಡೆಯಲಿಲ್ಲ. ಎರಡು ತೆಂಗಿನ ಕರಟ ತರಿಸಿ, ಒಂದರಲ್ಲಿ ಸಿಮೆಂಟನ್ನು ಬರೀ ನೀರಿನಲ್ಲಿ, ಇನ್ನೊಂದರಲ್ಲಿ ಬೆಲ್ಲದ ನೀರಿನಲ್ಲಿ ಕಲಸಿ ಇಟ್ಟ. ಬೆಳಗ್ಗೆ ಮೊದಲನೆಯದು ಕಲ್ಲು, ಎರಡನೆಯದು ಅಂಬಲಿ. ಎರಡನ್ನೂ ಅಜ್ಜಿಯ ಮುಂದಿಟ್ಟು, ಬೆಲ್ಲ ಬಿದ್ದರೆ ಸಿಮೆಂಟು ಕಚ್ಚುವುದಿಲ್ಲ ಎಂದು ತರಗತಿಯಲ್ಲಿ ಹೇಳುವಂತೆ ಹೇಳಿದ. ಅಜ್ಜಿ ಪೂರ್ತಿ ಕೇಳಿ, ಉಳಿದ ಚೀಲದಲ್ಲಿ ಬೀದಿಯ ಕಡೆಯದಷ್ಟು ಮಾಡಿಕೋ, ಹಿತ್ತಲ ಕಡೆಯದನ್ನು ನಾನು ಸುಣ್ಣದಲ್ಲಿ ಮಾಡಿಸುತ್ತೇನೆ ಎಂದಳು. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ.

ಎರಡಕ್ಕೂ ಕೂಲಿಯಾಳು ನಾನೇ. ಬೆಳಗ್ಗೆ ಅಪ್ಪನ ಕಲ್ಲುಗಳ ಮೇಲಿನ ಗೋಣಿಚೀಲಕ್ಕೆ ನೀರು ಚಿಮುಕಿಸಬೇಕು. ಆಮೇಲೆ ಅಜ್ಜಿಯ ಸುಣ್ಣ, ಇಟ್ಟಿಗೆಪುಡಿ, ಉಸುಕನ್ನು ಬೀಸಣಿಗೆ ಹಿಡಿದು ಕೂತ ಅವಳ ಎದುರಿಗೆ ಅರೆಯಬೇಕು. ಬೆಲ್ಲದ ನೀರನ್ನು ಅವಳೇ ಹೊಯ್ಯುತ್ತಿದ್ದಳು, ನನ್ನ ಬಾಯಿ ನೋಡುತ್ತ. ಅಂಗೈ ಬೊಬ್ಬೆ ಎದ್ದಿತು. ಆ ದಿನಗಳಲ್ಲಿ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ನರಳಿದ್ದು ಮಾತ್ರ ನನ್ನದೇ ದನಿಯಲ್ಲಿ.

ಗೋಡೆಯ ತಲೆ ಮುಚ್ಚಿ ಗಚ್ಚು ಒಣಗುವಷ್ಟು ಪುರಸೊತ್ತನ್ನು ಮೋಡಗಳು ಕೊಟ್ಟವು. ಆಮೇಲೆ ಮಳೆ ಹಿಡಿಯಿತು. ಹಂಚು ಸೋರಿತು, ಸೌದೆ ತೊಯ್ದವು, ಅಪ್ಪನ ಕೊಡೆ ಸೊಟ್ಟ ತುದಿಯಲ್ಲೇ ಊರೆಲ್ಲ ತಿರುಗಿತು. ಗೋಡೆ ಎಲ್ಲೂ ಜಗ್ಗಲಿಲ್ಲ. ಅಜ್ಜಿಯ ಬಸಳೆ ಮತ್ತೆ ಚಿಗುರಿ ಗೋಡೆಯನ್ನೇ ಹತ್ತತೊಡಗಿತು.

ಮಳೆ ನಿಂತ ಒಂದು ಬೆಳಗ್ಗೆ ಅಪ್ಪ ಅಜ್ಜಿಯನ್ನು ಹೊರಗೆ ಕರೆದುಕೊಂಡು ಹೋಗಿ ಬೀದಿಯ ಕಡೆಯ ಟೊಪ್ಪಿಗೆಗಳನ್ನು ಬೆರಳಿನಿಂದ ಟಕಟಕ ಬಾರಿಸಿ ತೋರಿಸಿದ. ಕೆಳಗಿನ ಗೀರಿನಿಂದ ನೀರು ಗೋಡೆಗೆ ತಾಗದೆ ಹನಿಯುತ್ತಿತ್ತು. ಬೆಲ್ಲವೊಂದು ಬೀಳದಿದ್ದರೆ ಸುತ್ತಲೂ ಇದೇ ಇರುತ್ತಿತ್ತು, ಈಗಾದರೂ ಸಿಮೆಂಟೇ ಹೆಚ್ಚೆಂದು ಒಪ್ಪು ಎಂದ. ಅಜ್ಜಿ ಅಲ್ಲಿಂದ ತನ್ನ ಸುಣ್ಣದ ಸಾಲಿನವರೆಗೆ ನಡೆದು ಹೋಗಿ, ಅದರ ಮೇಲೆ ಅಂಗೈ ಇಟ್ಟು, ಮೂಗಿನಿಂದ ಉಸಿರು ಬಿಟ್ಟು ಹೇಳಿದಳು:

‘ನಿನ್ನ ಸಿಮಿಟಿಗೆ ಒಂದು ಉಂಡಿ ಬೆಲ್ಲಾ ತಡಕೊಳ್ಳೂದು ಆಗಲಿಲ್ಲ, ಮಾಸ್ತರ. ನನ್ನ ಸುಣ್ಣ ಬೆಲ್ಲಾನೂ ತಿಂತು, ಮಳೀನೂ ಕುಡೀತು, ಇನ್ನೂ ನಿಂತದ.’