ಅಮೋಸ್ ಹ್ಯಾಡ್ಲಿಯವರ ಕಿಟಕಿ

ಬಂದೂಕಿನ ನಳಿಗೆಯನ್ನು ಬರೀ ಕಣ್ಣಳತೆಯಲ್ಲಿ ನೆಟ್ಟಗೆ ಮಾಡುವವರು ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಕಾಲಕ್ಕೆ ಬೀದಿಗೊಬ್ಬರಿದ್ದರಂತೆ. ನಾನು ಕಂಡದ್ದು ಒಬ್ಬರನ್ನೇ, ಅಮೋಸ್ ಹ್ಯಾಡ್ಲಿಯವರನ್ನು. ಕಾಲುವೆ ಪಕ್ಕದ ನಮ್ಮ ಕಾರ್ಖಾನೆಯ ಮಹಡಿಯಲ್ಲಿ, ಉತ್ತರದ ಕಿಟಕಿಯ ಮುಂದೆ, ನನಗೆ ಬೆನ್ನು ಮಾಡಿ ಅವರು ಕೂರುತ್ತಿದ್ದರು.

ಕಿಟಕಿಯ ನಡುವೆ ಕಪ್ಪು ಬಳಿದ ಒಂದು ಅಡ್ಡಪಟ್ಟಿ ಇತ್ತು. ನಳಿಗೆಯನ್ನು ಅದರತ್ತ ಎತ್ತಿ ಒಳಗೆ ಇಣುಕಿದರೆ ಪಟ್ಟಿಯ ನೆರಳು ಒಳಮೈ ಮೇಲೆ ಎರಡು ಗೆರೆಯಾಗಿ ಬೀಳುತ್ತದೆ. ಗೆರೆ ನೆಟ್ಟಗಿದ್ದರೆ ನಳಿಗೆಯೂ ನೆಟ್ಟಗಿದೆ. ಎಲ್ಲಾದರೂ ಸೊಟ್ಟಗಾದರೆ ಅಲ್ಲಿಗೊಂದು ಸುತ್ತಿಗೆ ಪೆಟ್ಟು. ಹೇಳುವುದಕ್ಕೆ ಇಷ್ಟೇ. ಒಂದು ತಿಂಗಳು ಇಣುಕಿದರೂ ನನಗೆ ಮಾತ್ರ ಕಂಡದ್ದು ಕತ್ತಲೆ ಮತ್ತು ಎಣ್ಣೆ.

ನನ್ನ ಕೆಲಸ ಅದರ ಮುಂದಿನದು. ಅವರು ಕೊಟ್ಟ ನಳಿಗೆಯನ್ನು ಲಂಬವಾಗಿ ನಿಲ್ಲಿಸಿ ಮೇಲಿನಿಂದ ಗೇಣುದ್ದದ ಅಳತೆಯ ಸಲಾಕೆ ಬಿಡಬೇಕು. ಅದು ತನ್ನ ಭಾರಕ್ಕೆ ತಾನೇ ಜಾರಿ ಕೆಳಗಿನ ತಗಡಿನ ತಟ್ಟೆಯಲ್ಲಿ ಠಣ್ ಎಂದರೆ ಪಾಸು. ನಡುವೆ ನಿಂತರೆ ನಳಿಗೆ ವಾಪಸ್ಸು. ತಳ್ಳುವಂತಿಲ್ಲ. ಅದೊಂದೇ ಕಾನೂನು, ನಾನು ಮುರಿದದ್ದೂ ಅದನ್ನೇ.

ಹ್ಯಾಡ್ಲಿಯವರ ತಲೆಯಲ್ಲಿ ಗೊಂದಲ ಹೊಕ್ಕಿದ್ದು ಮೊದಲ ಯುದ್ಧದ ಕೊನೆಯ ಚಳಿಗಾಲದಲ್ಲಿ. ಯುದ್ಧದ ಖರ್ಚಿಗೆ ಸಾಲಪತ್ರ ಮಾರಲು ಸರ್ಕಾರದವರು ಊರ ಚೌಕಕ್ಕೆ ಒಂದು ಟ್ಯಾಂಕು ತಂದು ನಿಲ್ಲಿಸಿದ್ದರು. ಜನ ಕುಣಿದಾಡಿದರು. ಇವರು ಹತ್ತಿರ ಹೋಗಿ ಅದರ ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಮನೆಗೆ ಬಂದು ಊಟ ಬಿಟ್ಟು ಎದ್ದರಂತೆ.

"ನಮ್ದೇ ಟ್ಯಾಂಕು, ಸರಿ. ನಾಳೆ ಅವರ ಹತ್ರಾನೂ ಬರುತ್ತಲ್ಲ? ನಾಲ್ಕು ವರ್ಷ ನಾನು ನೆಟ್ಟಗೆ ಮಾಡಿದ ನಳಿಗೆ ಹಿಡ್ಕೊಂಡು ನಮ್ಮ ಹುಡುಗ್ರು ಇದಕ್ಕೇನು ಮಾಡ್ತಾರೆ? ಬಾಗಿಲು ತಟ್ತಾರಾ?" ಎಂದು ಆಗಷ್ಟೇ ಕೆಲಸಕ್ಕೆ ಸೇರಿದ್ದ ನನ್ನನ್ನೇ ಕೇಳುತ್ತಿದ್ದರು, ನಾನೇನೋ ದಂಡನಾಯಕಿ ಎಂಬಂತೆ.

ಇಪ್ಪತ್ತು ವರ್ಷದ ಮೇಲೆ, ಎರಡನೆಯ ಯುದ್ಧಕ್ಕೆ, ಉತ್ತರ ಬಂತು: ಟ್ಯಾಂಕು ಹೊಡೆಯುವ ಬಂದೂಕು. ನಳಿಗೆಯೇ ಮೂರಡಿ ಉದ್ದ. ನಿವೃತ್ತರಾಗಿದ್ದ ಹ್ಯಾಡ್ಲಿಯವರನ್ನು ಅದಕ್ಕೆಂದೇ ಮತ್ತೆ ಕರೆಸಿದರು. ಅರವತ್ತೆಂಟರ ಮುದುಕ ಮದುಮಗನ ಹಾಗೆ ಮೀಸೆ ತಿದ್ದಿಕೊಂಡು ಬಂದರು. ಅಷ್ಟರಲ್ಲಿ ನನ್ನ ತಮ್ಮ ಫ್ರಾನ್ಸಿನಿಂದ ಸೋತು ಬಂದವನು, "ಆ ಬಂದೂಕು ಹೊಡೆದ್ರೆ ಭುಜ ಕಿತ್ತು ಬರುತ್ತೆ ಕಣೇ. ಟ್ಯಾಂಕಿನವನು ತಿರುಗಿ ಕೂಡ ನೋಡಲ್ಲ, ಅವರ ತಗಡು ಈಗ ಅಷ್ಟು ದಪ್ಪ" ಎಂದ. ಅದನ್ನು ನಾನು ಹ್ಯಾಡ್ಲಿಯವರಿಗೆ ಹೇಳಲಿಲ್ಲ. ಹೇಳಬೇಕಿತ್ತೋ ಏನೋ, ನನಗೆ ಇವತ್ತಿಗೂ ತಿಳಿಯದು.

ನಲವತ್ತೊಂದನೆಯ ಇಸವಿಯ ಏಪ್ರಿಲ್‌ನಲ್ಲಿ ಹಿಂದಿನ ಬೀದಿಗೆ ಬಾಂಬು ಬಿತ್ತು. ನಮ್ಮ ಗಾಜುಗಳೆಲ್ಲ ಪುಡಿಪುಡಿ. ಮಾರನೆಯ ದಿನವೇ ಹೊಸ ಗಾಜು ಹಾಕಿ, ಪಟ್ಟಿಗೆ ಹೊಸ ಕಪ್ಪು ಬಳಿದು, ನಮ್ಮನ್ನು ಕೂರಿಸಿದರು. ಗೋಳು ಶುರುವಾದದ್ದು ಅಲ್ಲಿಂದ.

"ಥೂ, ಇದೆಂಥ ಉಕ್ಕು! ಹೊಡೆದ್ರೂ ಮತ್ತೆ ಸೊಟ್ಟಗೇ ಕಾಣುತ್ತೆ" ಎಂದು ಹ್ಯಾಡ್ಲಿಯವರು ಗೊಣಗುತ್ತಾ ಹೊಡೆದರು, ಮತ್ತೆ ಹೊಡೆದರು. ಎಂಟು ದಿನ. ಅವರು ಹೊಡೆದು ಕೊಟ್ಟ ನಳಿಗೆಗಳಲ್ಲಿ ನನ್ನ ಸಲಾಕೆ ನಿಲ್ಲತೊಡಗಿತು.

ಆಗ ನಾನೇನು ಮಾಡಿದೆ? ಉದ್ದನೆಯ ಕಡ್ಡಿಯಿಂದ ಸಲಾಕೆಯನ್ನು ತಳ್ಳಿದೆ. ತಡವಾಗಿ ಸದ್ದಾದರೆ ಅವರಿಗೆ ಗೊತ್ತಾದೀತೆಂದು ಕೆಳಗೆ ಕೈಯೊಡ್ಡಿ ಹಿಡಿದೆ. ಐವತ್ತು ವರ್ಷದ ಕಣ್ಣು ದೊಡ್ಡದೋ, ಒಂದು ತುಂಡು ಕಬ್ಬಿಣ ದೊಡ್ಡದೋ? ಸಲಾಕೆಯೇ ಸವೆದಿರಬೇಕು ಎಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಸವೆದ ಸಲಾಕೆ ಸಲೀಸಾಗಿ ಬೀಳುತ್ತದೆಯೇ ಹೊರತು ನಿಲ್ಲುತ್ತದೆಯೇ!

ಒಂಬತ್ತನೆಯ ದಿನ ಅವರು ಸುತ್ತಿಗೆ ಕೆಳಗಿಟ್ಟರು.

"ಮೇವಿಸ್, ಇಲ್ಲಿ ಬಾಮ್ಮ. ಯಾರಿಗೂ ಹೇಳ್ಬೇಡ. ನಳಿಗೆ ತಿರುಗಿಸಿದ್ರೆ ಡೊಂಕೂ ಅದ್ರ ಜೊತೆ ತಿರುಗ್ಬೇಕು. ತಿರುಗ್ತಿಲ್ಲ. ಅಂದ್ರೆ ಡೊಂಕು ನಳಿಗೇಲಿಲ್ಲ."

"ಮತ್ತೆ ಎಲ್ಲಿದೆ ಹ್ಯಾಡ್ಲಿಯವರೇ?"

"ಇನ್ನೆಲ್ಲಿ? ನನ್ನ ಕಣ್ಣಲ್ಲಿ."

ಅಂದಿನಿಂದ ನಳಿಗೆಗಳನ್ನು ಸುಮ್ಮನೆ ಇಣುಕಿ, ಹೊಡೆಯದೆ ನನಗೆ ದಾಟಿಸಿದರು. ಬಹುಪಾಲು ಸಲಾಕೆ ಠಣ್ ಠಣ್ ಎಂದು ಬಿತ್ತು. ಸಲಾಕೆ ನಿಂತ ನಳಿಗೆಗಳನ್ನು ತಿದ್ದಲು ಕೆಳಗಿನ ಕಾರ್ಯಾಗಾರಕ್ಕೆ ಕಳಿಸಿದೆ. ಅವರು ಮುಟ್ಟದ್ದು ನೆಟ್ಟಗೆ, ಮುಟ್ಟಿದ್ದು ಡೊಂಕು! ಕಣ್ಣು ಹೋಗಿದೆ ಎಂದು ನನಗೂ ಖಾತ್ರಿಯಾಯಿತು. ಆ ಕಣ್ಣು ಬಿಟ್ಟರೆ ಆ ಮನುಷ್ಯನಿಗೆ ತನ್ನದು ಎನ್ನಲು ಇನ್ನೇನಿತ್ತು?

ನನ್ನ ಬಲವಂತಕ್ಕೆ ಕಣ್ಣಿನ ಡಾಕ್ಟರ ಬಳಿಗೂ ಹೋಗಿ ಬಂದರು.

"ಏನಂದ್ರು?"

"ಕಣ್ಣು ಚೆನ್ನಾಗಿದೆ ಅಂದ. ಪಾಪ, ಅವನ ಕಣ್ಣೂ ಹೋಗಿದೆ."

ಜೂನ್ ಕೊನೆಗೆ ಅವರೇ ಹೋಗಿ ಮೇಸ್ತ್ರಿ ಕ್ರಂಪ್‌ಗೆ ಸುತ್ತಿಗೆ ಒಪ್ಪಿಸಿದರು. ಕ್ರಂಪ್ ಅವರನ್ನು ಕೆಳಗೆ ಹೊಸ ಸ್ಟೆನ್ ಗನ್ನಿನ ಬೆಂಚಿಗೆ ಹಾಕಿದ. ಒಂದು ಕೊಳವೆ, ಒಂದು ಸ್ಪ್ರಿಂಗು, ನಾಲ್ಕು ಬೆಸುಗೆ. ಮರದ ಚೂರು ಹೆಸರಿಗೂ ಇಲ್ಲ. ಊಟದ ಹೊತ್ತಿಗೆ ನಾನು ಇಳಿದು ಹೋದಾಗ ಅವರು ಕೊಬ್ಬು ಸವರಿದ ಬ್ರೆಡ್ಡನ್ನು ಒಂದು ಕೈಲಿ, ಆ ಗನ್ನನ್ನು ಇನ್ನೊಂದು ಕೈಲಿ ಹಿಡಿದು ಕೂತಿದ್ದರು.

"ಇದು ಬಂದೂಕಾ, ಸೈಕಲ್ ಪಂಪಾ? ಗುಂಡು ಎಲ್ಲಿಗೆ ಹೋಗುತ್ತಮ್ಮಾ ಇದ್ರಲ್ಲಿ?"

"ಯಜಮಾನ್ರೇ, ಎದುರಿಗೆ ಹೋಗುತ್ತೆ. ಅಷ್ಟು ಸಾಕಂತೆ," ಎಂದ ಕ್ರಂಪ್.

"ಹಾಗಾದ್ರೆ ನಾನು ಇಷ್ಟು ವರ್ಷ ಏನು ಮಾಡ್ದೆ?"

ಕ್ರಂಪ್ ಬೆಂಚಿನ ಮೇಲಿನ ಸ್ಪ್ರಿಂಗುಗಳನ್ನು ಎಣಿಸತೊಡಗಿದ.

ಅದೇ ವಾರ, ರಾತ್ರಿ ಬೆಳಕು ವಿಮಾನಗಳಿಗೆ ಕಾಣದಂತೆ ಕಟ್ಟಿದ್ದ ಮಹಡಿಯ ಕಪ್ಪು ಪರದೆ ಕಳಚಿ ಬಿತ್ತು. ಮತ್ತೆ ಕಟ್ಟಲು ಏಣಿ ಹತ್ತಿ, ಪರದೆಯ ಕಬ್ಬಿಣದ ಸರಳನ್ನು ಕಿಟಕಿಯ ಆ ಕಪ್ಪು ಪಟ್ಟಿಗೆ ಆನಿಸಿ ಹಿಡಿದೆ. ನಡುವೆ ಹೆಬ್ಬೆರಳು ತೂರುವಷ್ಟು ಸಂದು. ಸರಳು ಬಾಗಿದೆ ಅಂದುಕೊಂಡು ತಿರುಗಿಸಿ ಹಿಡಿದೆ. ಸಂದು ಅಲ್ಲೇ ಇತ್ತು. ಇನ್ನೊಮ್ಮೆ ತಿರುಗಿಸಿದೆ. ಅಲ್ಲೇ. ಬಾಂಬು ಬಿದ್ದ ದಿನ ಚೌಕಟ್ಟಿನ ಒಂದು ಕಂಬ ಕುಸಿದು ಪಟ್ಟಿಯೇ ಬಾಗಿತ್ತು. ಹ್ಯಾಡ್ಲಿಯವರ ಅಪ್ಪ ಕೂತಿದ್ದ ಕಿಟಕಿ ಅದು. ಅವರು ತಮ್ಮ ಕಣ್ಣನ್ನು ಅನುಮಾನಿಸಿದರು, ಅದನ್ನು ಅನುಮಾನಿಸಲಿಲ್ಲ.

ಓಡಿ ಹೋಗಿ ಅವರನ್ನು ಎಳೆದು ತಂದೆ. ಅವರು ದಾರಕ್ಕೆ ಸೀಸದ ಗುಂಡು ಕಟ್ಟಿ ಕಂಬದ ಪಕ್ಕ ಇಳಿಬಿಟ್ಟರು, ಸರಳನ್ನು ಪಟ್ಟಿಗೆ ಹಿಡಿದರು, ಆಮೇಲೆ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಕಣ್ಣಿದೆ ಕಣೇ ಮೇವಿಸ್! ನನ್ನ ಕಣ್ಣಿದೆ!"

ನನಗೂ ಅಳು, ನಗು, ಎರಡೂ ಒಟ್ಟಿಗೆ ಬಂದವು. ಆದರೆ ಅವರ ನಗು ನಿಂತೇ ಹೋಯಿತು.

"ಎಂಟು ದಿನ ಹೊಡೆದೆನಲ್ಲ. ಈ ಡೊಂಕು ಪಟ್ಟಿ ನೋಡ್ಕೊಂಡು ನೆಟ್ಟಗಿದ್ದವನ್ನೇ ಬಗ್ಗಿಸಿದೀನಿ. ನಿನ್ನ ಸಲಾಕೆ ನಿಲ್ಲಲಿಲ್ವಾ?"

ಸುಳ್ಳು ಹೇಳಲು ಬಾಯಿ ತೆರೆದೆ. ಅವರು ನನ್ನನ್ನು ನೋಡದೆ ಎದ್ದು ಬಂದು, ಬೆಂಚಿನ ಮೇಲಿದ್ದ ನಳಿಗೆಯನ್ನು ನಿಲ್ಲಿಸಿ ಸಲಾಕೆ ಬಿಟ್ಟರು. ಠಣ್.

"ಆ ಎಂಟು ದಿನ ಈ ಸದ್ದು ಎಷ್ಟೋ ಸಲ ಕೇಳಿಸಲೇ ಇಲ್ಲ. ಕಣ್ಣಿಗಿಂತ ಮೊದ್ಲು ಕಿವೀನೇ ಹೋಯ್ತು ಅಂದ್ಕೊಂಡು ನಿನಗೂ ಹೇಳ್ಲಿಲ್ಲ" ಎಂದರು. "ಕಿವೀನೂ ಚೆನ್ನಾಗೇ ಇತ್ತು, ಅಲ್ವಾ?"

"ಹೂಂ" ಎಂದೆ.

ಅವರು ಟೋಪಿ ತೆಗೆದುಕೊಂಡು ಕ್ರಂಪ್ ಹತ್ತಿರ ನಡೆದರು, ನಾನೂ ಹಿಂದೆ ಹೋಗಿ ನನ್ನ ತಪ್ಪನ್ನು ನಾನೇ ಹೇಳಿದೆ. ಆ ಎಂಟು ದಿನದ ನಳಿಗೆಗಳಲ್ಲಿ ಮೂವತ್ತಾರು ಉಗ್ರಾಣದಲ್ಲೇ ಸಿಕ್ಕವು. ಉಳಿದವು ರೈಲು ಹತ್ತಿ ಯಾವ ಹುಡುಗನ ಭುಜಕ್ಕೆ ಹೋದವೋ, ಅವನ ಮುಂದೆ ಯಾವ ಟ್ಯಾಂಕು ಬಂತೋ, ಯಾರಿಗೂ ಗೊತ್ತಿಲ್ಲ.

ಕಿಟಕಿ ಸರಿಮಾಡಿದರು. ಹ್ಯಾಡ್ಲಿಯವರು ಇನ್ನೆರಡು ವರ್ಷ ಅದರ ಮುಂದೆ ಕೂತರು, ನನಗೆ ಬೆನ್ನು ಮಾಡಿಯೇ. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಆದರೆ ನಾನು ಸಲಾಕೆ ಬಿಟ್ಟಾಗಲೆಲ್ಲ ಸುತ್ತಿಗೆ ಎತ್ತಿದ ಅವರ ಕೈ ಹಾಗೇ ನಿಲ್ಲುತ್ತಿತ್ತು. ಠಣ್ ಎಂದ ಮೇಲೆಯೇ ಕೆಳಗಿಳಿಯುತ್ತಿತ್ತು.